ಹೂವಿನ ಗುಟ್ಟನ್ನರಿತ ಉಪಾಧ್ಯಾಯ

ಹೂವು ಬಣ್ಣ ತಳೆದಿರುವುದು ಯಾರಿಗಾಗಿ? ದೇವರ ಪೂಜೆಗೆ, ಹೆಂಗಳೆಯರ ಮುಡಿಗೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೇರೊಂದು ಉತ್ತರವನ್ನು ಕಂಡು, ಬದುಕಿದ್ದಷ್ಟು ಕಾಲ ಅದಕ್ಕೆ ತಕ್ಕ ಮನ್ನಣೆಯನ್ನು ಕಾಣದೆಹೋದ ಒಬ್ಬ ಉಪಾಧ್ಯಾಯನ ವೃತ್ತಾಂತವನ್ನು ಈ ಹೊತ್ತು ಶ್ರೋತೃಗಳ ಮುಂದಿಡುತ್ತೇನೆ.

ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲನು ಜರ್ಮನಿಯ ಬರ್ಲಿನ್ ನಗರದ ಬಳಿ ಸ್ಪಂಡೌ ಎಂಬ ಊರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನು. 1787ರ ಬೇಸಗೆಯಲ್ಲಿ, ಜೆರೇನಿಯಮ್ ಜಾತಿಯ ಕಾಡುಹೂವೊಂದರ ಎಸಳುಗಳ ಬುಡದಲ್ಲಿ ನವುರಾದ ರೋಮಗಳಿರುವುದು ಅವನ ಕಣ್ಣಿಗೆ ಬಿದ್ದಿತು. ಹಣೆಯ ಬೆವರು ಕಣ್ಣಿಗಿಳಿಯದಂತೆ ಹುಬ್ಬು ತಡೆಯುವ ಹಾಗೆ, ಮಳೆಯ ಹನಿ ಮಕರಂದದಲ್ಲಿ ಬೆರೆಯದಂತೆ ಈ ರೋಮಗಳು ತಡೆಯುತ್ತವೆಯೆಂದು ಅವನು ತರ್ಕಿಸಿದನು. ಇಷ್ಟು ಜೋಪಾನವಾಗಿ ಕಾಯ್ದಿಟ್ಟ ಮಕರಂದವು ಕೀಟಗಳಿಗಾಗಿಯೇ ಇರಬೇಕು! ಮತ್ತೊಂದು ನಸುನೀಲಿ ಹೂವಿನ ನಡುವೆ ಹಳದಿಯ ಬಳೆಯೊಂದು ಕಂಡಿತು. ಅದು ಮಕರಂದದ ಬಾಗಿಲನ್ನು ಕೀಟಗಳಿಗೆ ತೋರಿಸುವ ಗುರುತೆಂದು ಅವನು ತಿಳಿದನು. ಕೆಲವು ಹೂಗಳಲ್ಲಿ ಪರಾಗವು ಮೊದಲು ಉದುರಿ, ಅದನ್ನು ಸ್ವೀಕರಿಸುವ ಶಲಾಕೆಯು ಆಮೇಲೆ ಬಲಿಯುವುದನ್ನೂ ನೋಡಿದನು. ಅಂಥ ಹೂವಿಗೆ ತನ್ನ ಪರಾಗವೇ ಒದಗದು; ಬೇರೆ ಹೂವಿನದನ್ನು ಕೀಟವು ಹೊತ್ತುತರಬೇಕು.

400ಕ್ಕೂ ಮಿಕ್ಕ ಜಾತಿಯ ಹೂಗಳನ್ನು ಪರಿಶೀಲಿಸಿ, 1793ರಲ್ಲಿ ಅವನು ಗ್ರಂಥವೊಂದನ್ನು ಪ್ರಕಟಿಸಿದನು. ಪ್ರಕೃತಿಗೆ ಮನುಷ್ಯಬುದ್ಧಿಯನ್ನು ಆರೋಪಿಸುತ್ತಾನೆಂದು ಮಹಾಕವಿ ಗಯಟೆಯೇ ಆಕ್ಷೇಪಿಸಿದನು. ಮರುವರ್ಷ ಸ್ಪ್ರೆಂಗೆಲನ ಉದ್ಯೋಗವೂ ಹೋಯಿತು. ಗ್ರಂಥದ ಎರಡನೆಯ ಭಾಗವು ಅಚ್ಚಾಗಲೇ ಇಲ್ಲ. 1816ರಲ್ಲಿ ಅವನು ತೀರಿಕೊಂಡನು.

1841ರಲ್ಲಿ ಆ ಗ್ರಂಥವು ಡಾರ್ವಿನ್ನನ ಕೈಸೇರಿತು. ಸ್ಪ್ರೆಂಗೆಲನು ಹೇಳದೆ ಉಳಿಸಿದ್ದ ಕಾರಣವನ್ನು ಡಾರ್ವಿನ್ನನು ಪ್ರಯೋಗಗಳಿಂದ ತೋರಿಸಿದನು: ಬೇರೆ ಗಿಡದ ಪರಾಗದಿಂದ ಹುಟ್ಟಿದ ಸಸಿಗಳು ಸಾಮಾನ್ಯವಾಗಿ ಹೆಚ್ಚು ಪುಷ್ಟವಾಗಿ ಬೆಳೆಯುತ್ತವೆ. ಕೀಟಗಳನ್ನು ಚೆನ್ನಾಗಿ ಸೆಳೆದ ಗಿಡಗಳ ಸಂತತಿಯೇ ಹೆಚ್ಚಿತು. ತಲೆಮಾರುಗಳು ಕಳೆದಂತೆ ಬಣ್ಣ, ಕಂಪು, ಆಕಾರಗಳು ಅದಕ್ಕೆ ತಕ್ಕಂತೆ ತಿದ್ದಿಕೊಂಡವು. ಇಲ್ಲಿ ಯಾರ ಬುದ್ಧಿಯನ್ನೂ ಆರೋಪಿಸಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಡಾರ್ವಿನ್ನನಿಗೇ ಸಂದೇಹ ಉಳಿಯಿತು. ಕೆಲವು ಆರ್ಕಿಡ್ ಹೂಗಳು ಮಕರಂದವಿಲ್ಲದೆಯೂ ಇರುವಂತೆ ನಟಿಸಿ ಕೀಟಗಳನ್ನು ವಂಚಿಸುತ್ತವೆಯೆಂದು ಸ್ಪ್ರೆಂಗೆಲನು ಬರೆದಿದ್ದನು. ಇಷ್ಟು ದೊಡ್ಡ ಮೋಸಕ್ಕೆ ಕೀಟಗಳು ಬೀಳಲಾರವೆಂದು ಡಾರ್ವಿನ್ನನು ನಂಬಿದ್ದನು. ಮುಂದಿನ ಸಂಶೋಧನೆಗಳು ಸ್ಪ್ರೆಂಗೆಲನ ಮಾತನ್ನೇ ಸ್ಥಿರಪಡಿಸಿದವು.

ನಾಳೆ ಬೆಳಗ್ಗೆ ತಾವು ಪೂಜೆಗೆ ಹೂ ಬಿಡಿಸುವಾಗ ಅಲ್ಲೊಂದು ಜೇನ್ನೊಣ ಕುಳಿತಿದ್ದರೆ, ದಯಮಾಡಿ ಒಂದು ಕ್ಷಣ ಕೈ ತಡೆಯಿರಿ. ಹೂವು ಯಾರಿಗಾಗಿ ಅರಳಿತೋ ಆ ಅತಿಥಿಯೇ ಬಂದಿದ್ದಾನೆ.