ಹೂವಿನ ಪಲ್ಲಕ್ಕಿಯ ಪೂರ್ವೋತ್ತರ

ಸುಗ್ಗಿಯ ಕಣಗಳು ಬರಿದಾಗಿ ಚೈತ್ರ ವೈಶಾಖಗಳು ಸಮೀಪಿಸಿದುವೆಂದರೆ ನಮ್ಮ ಸೀಮೆಯ ಊರೂರಿನಲ್ಲಿಯೂ ಜಾತ್ರೆಯ ಮಾತು ಮೊದಲಾಗುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಲ್ಲಿ ಹುಟ್ಟಿ ಬೆಳೆದವರಲ್ಲಿ ಹೂವಿನ ಪಲ್ಲಕ್ಕಿಯ ರಾತ್ರಿಯನ್ನು ಕಾಣದವರು ವಿರಳ. ಕಳೆದ ಬೇಸಗೆಯ ರಜೆಯಲ್ಲಿ ಕ್ಯಾಲನೂರಿಗೆ ಬಂದಿದ್ದ ನನ್ನ ಮೊಮ್ಮಗನು, ಇಟಲಿ ದೇಶದ ಒಂದು ಸಣ್ಣ ಹಳ್ಳಿಯ ಜನರು ತಾವೇ ಕೂಡಿ ಬಂಡಿಗಳ ಮೇಲೆ ದೊಡ್ಡ ಬೊಂಬೆಗಳನ್ನು ಕಟ್ಟಿ ಮೆರೆಸುವ ಉತ್ಸವದ ವಿಷಯವನ್ನು ಎಲ್ಲಿಯೋ ಓದಿ, “ತಾತ, ಇಂಥದು ನಮ್ಮ ದೇಶದಲ್ಲಿ ಇದ್ದಿತೆ?” ಎಂದು ಕೇಳಿದನು. ಪಲ್ಲಕ್ಕಿ ಕಟ್ಟುವ ನೆಲದ ಮೇಲೆಯೇ ನಿಂತು ಈ ಪ್ರಶ್ನೆಯನ್ನು ಕೇಳುವ ಕಾಲ ಬಂದಿತಲ್ಲಾ ಎಂದು ಮೊದಲು ನನಗೆ ಖೇದವಾಯಿತು. ಆದರೆ ವಿಚಾರಿಸಿ ನೋಡಿದಾಗ, ಈ ವಾಹನಗಳ ಚರಿತ್ರೆಯನ್ನು ನಾವು ಹಿರಿಯರು ಅವನಿಗೆ ಯಾವಾಗ ಹೇಳಿದ್ದೆವು ಎಂದು ನನ್ನನ್ನೇ ಕೇಳಿಕೊಳ್ಳಬೇಕಾಯಿತು. ಆ ಬಾಲಕನಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಆ ಪರದೇಶದ ಉತ್ಸವವನ್ನು ತಿಳಿಯೋಣ. ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ನಲವತ್ತು ದಿನಗಳ ಉಪವಾಸವ್ರತವನ್ನು ಹಿಡಿಯುವರು. ಆ ವ್ರತಕ್ಕೆ ಮುಂಚಿನ ದಿನಗಳಲ್ಲಿ ಉಂಡು ಕುಣಿದು ನಲಿಯುವ ಸಂಭ್ರಮಕ್ಕೆ ಕಾರ್ನಿವಲ್ ಎಂದು ಹೆಸರು. ಮಾಂಸವನ್ನು ಬಿಡುವುದೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ದಕ್ಷಿಣ ಇಟಲಿಯ ಪುತಿನ್ಯಾನೊ ಎಂಬ ಊರಿನವರು ತಮ್ಮ ಉತ್ಸವದ ಮೂಲವನ್ನು ೧೩೯೪ರಷ್ಟು ಹಿಂದಕ್ಕೆ ಒಯ್ಯುವರು. ಕಡಲತೀರದ ವಿಯಾರೆಜ್ಜೊದಲ್ಲಿ ೧೮೭೩ರಲ್ಲಿ ಮೊದಲಾದ ಮೆರವಣಿಗೆಯು ಈಗ ಲೋಕಪ್ರಸಿದ್ಧವಾಗಿದೆ. ಕಾಗದವನ್ನು ಅಂಟಿನಲ್ಲಿ ನೆನೆಸಿ ಪದರಪದರವಾಗಿ ಮೆತ್ತಿ, ಮನೆಗಿಂತ ಎತ್ತರವಾದ ಬೊಂಬೆಗಳನ್ನು ಅಲ್ಲಿ ತಿಂಗಳುಗಟ್ಟಲೆ ಕುಳಿತು ಮಾಡುವರು. ಅಧಿಕಾರದಲ್ಲಿರುವವರನ್ನು ಬೊಂಬೆಯ ರೂಪದಲ್ಲಿ ಹಾಸ್ಯಮಾಡುವುದಕ್ಕೂ ಆ ದಿನಗಳಲ್ಲಿ ಜನರಿಗೆ ಸ್ವಾತಂತ್ರ್ಯವುಂಟು. ಸಣ್ಣ ಹಳ್ಳಿಗಳಲ್ಲಿ ಕೊಟ್ಟಿಗೆ ಕಣಜಗಳೇ ಕಾರ್ಖಾನೆಗಳಾಗಿ, ಒಂದೊಂದು ಕೇರಿಯವರು ಒಂದೊಂದು ಬಂಡಿಯನ್ನು ಸಿದ್ಧಪಡಿಸುವರು.

ನಮ್ಮಲ್ಲಿ ಇದಕ್ಕೆ ಸಮಾನವಾದುದರ ಮೂಲವನ್ನು ಶಬ್ದಗಳಿಂದಲೇ ಹುಡುಕಬಹುದು. ಜಾತ್ರೆ ಎಂಬುದು ಸಂಸ್ಕೃತದ ‘ಯಾತ್ರಾ’ ಶಬ್ದದ ತದ್ಭವ. ಹೋಗುವುದು, ಹೊರಡುವುದು ಎಂದು ಅದರ ಧಾತ್ವರ್ಥ. ಗರ್ಭಗುಡಿಯ ಮೂಲಮೂರ್ತಿಯು ಅಚಲವಾದುದು. ಅದು ಕದಲದಿರುವುದರಿಂದಲೇ ಚಲಿಸುವ ಉತ್ಸವಮೂರ್ತಿಯೊಂದು ಬೇಕಾಯಿತು. ವೃದ್ಧರು, ರೋಗಿಗಳು, ಯಾವ ಕಾರಣದಿಂದಲಾದರೂ ಗುಡಿಯವರೆಗೆ ಬರಲಾರದವರು ತಮ್ಮ ಮನೆಯ ಬಾಗಿಲಿನಲ್ಲಿಯೇ ನಿಂತು ದರ್ಶನವನ್ನು ಪಡೆಯಲೆಂದು ದೇವರು ಹೊರಗೆ ಬರುವನೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ಚರಿತ್ರೆಯ ಸಾಕ್ಷ್ಯ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯು ತನ್ನ ನಾಲ್ಕನೆಯ ಶಿಲಾಶಾಸನದಲ್ಲಿ, ವಿಮಾನಗಳು, ಆನೆಗಳು, ಅಗ್ನಿಸ್ಕಂಧಗಳು ಮತ್ತು ಇತರ ದಿವ್ಯರೂಪಗಳನ್ನು ಪ್ರಜೆಗಳಿಗೆ ತೋರಿಸಿದ ಸಂಗತಿಯನ್ನು ಹೇಳಿಕೊಂಡಿದ್ದಾನೆ. ಗಿರ್ನಾರಿನ ಬಂಡೆಯ ಮೇಲೂ, ನಮ್ಮ ನೆರೆಯ ಆಂಧ್ರದೇಶದ ಎರ್ರಗುಡಿಯ ಬಂಡೆಗಳ ಮೇಲೂ ಈ ಶಾಸನವನ್ನು ಕೆತ್ತಿರುವರು. ಐದನೆಯ ಶತಮಾನದ ಆದಿಯಲ್ಲಿ ಪಾಟಲೀಪುತ್ರಕ್ಕೆ ಬಂದ ಚೀನಾದೇಶದ ಯಾತ್ರಿಕ ಫಾಹಿಯಾನನು ಇನ್ನೂ ಸ್ಪಷ್ಟವಾಗಿ ಬರೆದಿದ್ದಾನೆ. ಅಲ್ಲಿ ವರ್ಷಕ್ಕೊಮ್ಮೆ ನಾಲ್ಕು ಗಾಲಿಯ ಬಂಡಿಗಳ ಮೇಲೆ ಬಿದಿರನ್ನು ಕಟ್ಟಿ ಐದು ಅಂತಸ್ತುಗಳ ಗೋಪುರವನ್ನು ಎಬ್ಬಿಸಿ, ಬಿಳಿಯ ಬಟ್ಟೆಯನ್ನು ಸುತ್ತಿ, ಅದರ ಮೇಲೆ ದೇವತೆಗಳ ಚಿತ್ರವನ್ನು ಬಣ್ಣಗಳಿಂದ ಬರೆಯುತ್ತಿದ್ದರಂತೆ. ಅಂಥ ಬಂಡಿಗಳು ಇಪ್ಪತ್ತರಷ್ಟು, ಒಂದರಂತೆ ಮತ್ತೊಂದಿಲ್ಲ. ಉತ್ಸವವು ಬೌದ್ಧರದಾದರೂ ಬ್ರಾಹ್ಮಣರು ಬಂದು ಬುದ್ಧಮೂರ್ತಿಗಳನ್ನು ನಗರದೊಳಕ್ಕೆ ಆಹ್ವಾನಿಸುತ್ತಿದ್ದರೆಂದೂ, ರಾತ್ರಿಯೆಲ್ಲ ದೀಪಗಳು ಉರಿಯುತ್ತಿದ್ದುವೆಂದೂ ಅವನು ಹೇಳುತ್ತಾನೆ. ಬಿದಿರು, ಬಟ್ಟೆ, ಬಣ್ಣ, ದೀಪ: ನಮ್ಮ ಪಲ್ಲಕ್ಕಿಯ ಸಾಮಗ್ರಿಗಳಲ್ಲಿ ಹೂವೊಂದನ್ನು ಬಿಟ್ಟರೆ ಉಳಿದುವೆಲ್ಲವೂ ಅಲ್ಲಿಯೇ ಇವೆ.

ಸಾವಿರ ವರ್ಷಗಳ ಬಳಿಕ ವಿಜಯನಗರವನ್ನು ನೋಡೋಣ. ನಮ್ಮ ಮುಳಬಾಗಿಲು ಆ ಸಾಮ್ರಾಜ್ಯದ ಒಂದು ರಾಜ್ಯದ ಮುಖ್ಯಸ್ಥಾನವಾಗಿದ್ದು, ಹದಿನೈದನೆಯ ಶತಮಾನದಲ್ಲಿ ಲಕ್ಕಣ್ಣ ದಂಡನಾಯಕನ ಆಡಳಿತವನ್ನು ಕಂಡುದೆಂಬುದು ಈ ಜಿಲ್ಲೆಯವರಿಗೆ ಹೊಸತಲ್ಲ. ೧೪೪೩ರಲ್ಲಿ ರಾಜಧಾನಿಯ ಮಹಾನವಮಿಯನ್ನು ನೋಡಿದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಮೂರರಿಂದ ಐದು ಅಂತಸ್ತುಗಳ ಚಿತ್ರಿತ ಮಂಟಪಗಳನ್ನೂ, ಅವುಗಳಲ್ಲಿ ಕೆಲವು ವೇಗವಾಗಿ ತಿರುಗುತ್ತ ಕ್ಷಣಕ್ಷಣಕ್ಕೂ ಹೊಸ ಮುಖವನ್ನು ತೋರಿಸುತ್ತಿದ್ದುದನ್ನೂ ಬೆರಗಾಗಿ ವರ್ಣಿಸಿದ್ದಾನೆ. ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಅದೇ ಉತ್ಸವವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸನು ಬಾಣಬಿರುಸುಗಳು ಮುಗಿದೊಡನೆ ಪ್ರವೇಶಿಸಿದ ಶೃಂಗಾರದ ಬಂಡಿಗಳ ಸಾಲನ್ನು ವಿವರಿಸುತ್ತಾನೆ. ಒಂದೊಂದು ಬಂಡಿಯೂ ಒಬ್ಬೊಬ್ಬ ನಾಯಕನದು. ಮೊದಲನೆಯದು ಸಾಳುವ ತಿಮ್ಮರಸನದು. ದೂರದಲ್ಲಿ ಯುದ್ಧಮಾಡುತ್ತಿದ್ದ ನಾಯಕರೂ ತಮ್ಮ ಬಂಡಿಗಳನ್ನು ಕಳುಹಿಸಿದ್ದರು. ಕೆಲವುಗಳ ಮೇಲೆ ನರ್ತಕಿಯರ ಮತ್ತು ಇತರ ಮನುಷ್ಯರ ಆಕೃತಿಗಳಿದ್ದುವು. ಕೆಲವು ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದಿದ್ದುವು. ಪಯಸನು ಇವನ್ನು ತನ್ನ ದೇಶದ ವಿಜಯರಥಗಳ ಹೆಸರಿನಿಂದಲೇ ಕರೆದಿದ್ದಾನೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆಡಿಚಿ ಪ್ರಭುಗಳು ಕಾರ್ನಿವಲ್ಲಿನ ಬಂಡಿಗಳಿಗೆ ಪ್ರೋತ್ಸಾಹ ಕೊಡುತ್ತಿದ್ದುದೂ ಹೆಚ್ಚುಕಡಮೆ ಇದೇ ಕಾಲದಲ್ಲಿ. ಆದಕಾರಣ ನನ್ನ ಮೊಮ್ಮಗನು ಎರಡು ದೇಶಗಳಲ್ಲಿ ಯಾವುದನ್ನೂ ಹಿಂದೆಂದೂ ಮುಂದೆಂದೂ ಎಣಿಸಬೇಕಾದುದಿಲ್ಲ.

ಆದರೆ ಹಂಪೆಯ ಆ ಬಂಡಿಗಳು ಏನಾದುವು? ೧೫೬೫ರ ಯುದ್ಧದಲ್ಲಿ ರಾಜಧಾನಿಯು ಹಾಳಾದೊಡನೆ ನಾಯಕರ ಬಂಡಿಗಳ ಸಾಲೂ ಅಲ್ಲಿಗೆ ನಿಂತಿತು. ಅರಸನ ಕಟ್ಟಳೆಯಿಂದ ಬಂದುದು ಅರಸನೊಡನೆಯೇ ಹೋಯಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ವೈಭವವನ್ನು ಮುಂದುವರಿಸಿದರು. ಮೈಸೂರಿನಲ್ಲಿ ಈಗ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯು ಬಿಜಯಮಾಡುತ್ತಾಳೆ. ಮೆರವಣಿಗೆಯಲ್ಲಿ ಜಿಲ್ಲೆಜಿಲ್ಲೆಗಳಿಂದ ಬಂದ ಸ್ತಬ್ಧಚಿತ್ರಗಳು ಸಾಗುತ್ತವೆ. ಅವು ಅಂದವಾಗಿಯೇ ಇರುತ್ತವೆ; ನಮ್ಮ ಜಿಲ್ಲೆಯದು ಬಂದಾಗ ನಾನೂ ಹಿಗ್ಗಿದ್ದೇನೆ. ಆದರೂ ನಾಯಕರ ಸ್ಥಾನದಲ್ಲಿ ಈಗ ಕಛೇರಿಗಳಿವೆಯಲ್ಲದೆ, ಅಪ್ಪಣೆಯಿಂದ ಕಟ್ಟುವ ಪದ್ಧತಿಯು ಬದಲಾಗಿಲ್ಲ.

ಅಪ್ಪಣೆಯಿಲ್ಲದೆ ಜನರೇ ಕಟ್ಟುವ ವಾಹನಗಳನ್ನು ಕಾಣಬೇಕಾದರೆ ಅದೇ ವಿಜಯದಶಮಿಯ ರಾತ್ರಿ ಮಡಿಕೇರಿಗೆ ಹೋಗಬೇಕು. ಹಾಲೇರಿ ವಂಶದ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ತಗುಲಿದಾಗ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕೋಟೆ ಮಾರಿಯಮ್ಮ ಎಂಬ ನಾಲ್ವರು ಶಕ್ತಿದೇವತೆಗಳ ಕರಗಗಳನ್ನು ಊರ ಸುತ್ತ ಹೊರಡಿಸಿದರೆಂದು ಪ್ರತೀತಿ. ಇಂದಿಗೂ ಪಂಪಿನ ಕೆರೆಯ ಬಳಿಯಿಂದ ಕರಗಗಳು ಹೊರಟ ಮೇಲೆಯೇ ಅಲ್ಲಿಯ ದಸರೆಗೆ ಆರಂಭ. ಕಡೆಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಬೀದಿಗೆ ಬರುತ್ತವೆ. ಪೇಟೆಯ ಶ್ರೀರಾಮಮಂದಿರ, ದೇಚೂರಿನ ಶ್ರೀರಾಮಮಂದಿರ, ಕೋಟೆ ಮಹಾಗಣಪತಿ, ಚೌಡೇಶ್ವರಿ, ಕೋದಂಡರಾಮ, ಕರವಲೆ ಭಗವತಿ ಎಂಬ ಆರು ದೇವಾಲಯಗಳೂ ಹಿಂದೆ ಹೇಳಿದ ನಾಲ್ವರು ದೇವಿಯರ ಗುಡಿಗಳೂ ಸೇರಿ ಹತ್ತು. ಒಂದೊಂದು ಗುಡಿಯ ಸುತ್ತಲಿನ ತರುಣರು ಸಮಿತಿ ಮಾಡಿಕೊಂಡು, ಚಂದಾ ಎತ್ತಿ, ಪುರಾಣದ ಒಂದು ಅಸುರಸಂಹಾರವನ್ನು ಆರಿಸಿಕೊಂಡು, ಕೈಕಾಲುಗಳನ್ನು ಆಡಿಸುವ ದೊಡ್ಡ ಮೂರ್ತಿಗಳನ್ನು ನಿಲ್ಲಿಸಿ, ದೀಪ, ಹೊಗೆ, ಶಬ್ದಗಳೊಡನೆ ಕಥೆಯನ್ನು ನಡೆಸಿ ತೋರಿಸುವರು. ಮಂಟಪ ಮಂಟಪಗಳಿಗೆ ಪಂತವುಂಟು, ಬಹುಮಾನವುಂಟು. ಬೆಳಗಾಗುವವರೆಗೆ ಊರು ಮಲಗುವುದಿಲ್ಲ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗಿನ ಅರಸುತನವೇ ಕೊನೆಗಂಡಿತು. ದಸರೆಯು ಕೊನೆಗಾಣಲಿಲ್ಲ. ಹಂಪೆಗೂ ಮಡಿಕೇರಿಗೂ ಇರುವ ಈ ಅಂತರವು ಸಾಮಾನ್ಯವಾದುದಲ್ಲ.

ನಮ್ಮ ಹೂವಿನ ಪಲ್ಲಕ್ಕಿಯೂ ಮಡಿಕೇರಿಯ ಈ ಪಂಗಡಕ್ಕೇ ಸೇರಿದುದು. ತೇರು ಒಮ್ಮೆ ಮಾಡಿದರೆ ತಲೆಮಾರುಗಳ ಕಾಲ ಬಾಳುವುದು. ಪಲ್ಲಕ್ಕಿಯ ಅಲಂಕಾರವು ಒಂದು ರಾತ್ರಿಯದು. ಬಡಗಿಯು ಮರದ ಚೌಕಟ್ಟನ್ನು ಜೋಡಿಸಬೇಕು. ಬಿದಿರನ್ನು ಸೀಳಿ ಬಾಗಿಸಿ ಕಮಾನುಗಳನ್ನು ಕಟ್ಟಬೇಕು. ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳನ್ನು ತೋಟದಿಂದ ತಂದು, ಹೆಂಗಸರು ಮಕ್ಕಳು ಎನ್ನದೆ ಮನೆಮಂದಿಯೆಲ್ಲ ಕುಳಿತು ಮಾರುಗಟ್ಟಲೆ ಪೋಣಿಸಬೇಕು. ಬಾಡುವ ಮುಂಚೆ ಏರಿಸಬೇಕಾದುದರಿಂದ ಒಂದೇ ಹಗಲಿನಲ್ಲಿ ಎಲ್ಲ ಕೆಲಸವೂ ಮುಗಿಯಬೇಕು, ಒಬ್ಬಿಬ್ಬರಿಂದ ಆಗತಕ್ಕದ್ದಲ್ಲ. ನನ್ನ ಬಾಲ್ಯದಲ್ಲಿ ಹೆಗಲ ಮೇಲೆಯೋ ಎತ್ತಿನ ಗಾಡಿಯ ಮೇಲೆಯೋ ಹೊರಟು, ಪಂಜು ಮತ್ತು ಗ್ಯಾಸ್ ದೀಪಗಳ ಬೆಳಕಿನಲ್ಲಿ ಸಾಗುತ್ತಿದ್ದುದು ಈಗ ಟ್ರಾಕ್ಟರಿನ ಮೇಲೆ ವಿದ್ಯುದ್ದೀಪಗಳೊಡನೆ ಸಾಗುತ್ತದೆ. ಕೇರಿಕೇರಿಗಳ ದೇವರುಗಳು ಒಂದೆಡೆ ಕೂಡಿ, ನಾದಸ್ವರ ತಮಟೆಗಳೊಡನೆ ಬೀದಿಬೀದಿಯನ್ನು ಸುತ್ತಿ ಸೂರ್ಯೋದಯಕ್ಕೆ ಹಿಂದಿರುಗುವ ಹೊತ್ತಿಗೆ ಹೂವು ಬಾಡಿರುತ್ತದೆ.

ಊರು ಕಟ್ಟಿದುದೆಂಬ ಈ ಹೆಮ್ಮೆಯ ಮಾತಿಗೆ ಒಂದು ಕಳಂಕವೂ ಉಂಟು. ಅದನ್ನು ಮುಚ್ಚಿದರೆ ಚರಿತ್ರೆಯನ್ನು ಬರೆದಂತಾಗದು. ನಾನು ಉಪಾಧ್ಯಾಯನಾಗಿದ್ದ ಗ್ರಾಮಗಳಲ್ಲೊಂದರಲ್ಲಿ (ಹೆಸರು ಇಲ್ಲಿ ಬೇಡ) ಪಲ್ಲಕ್ಕಿಯ ಮರುದಿನ ತರಗತಿಯಲ್ಲಿ ಒಬ್ಬ ಹುಡುಗನು ಎದ್ದುನಿಂತು, “ಮೇಷ್ಟ್ರೇ, ನಮ್ಮಪ್ಪ ರಾತ್ರಿಯೆಲ್ಲ ದೇವರ ಮುಂದೆ ತಮಟೆ ಬಡಿದ. ದೇವರು ನಮ್ಮ ಕೇರಿಗೆ ಯಾಕೆ ಬರಲಿಲ್ಲ?” ಎಂದನು. ಮೈಸೂರು ಸಂಸ್ಥಾನದಲ್ಲಿ ೧೯೪೮ರಲ್ಲಿಯೇ ದೇವಾಲಯ ಪ್ರವೇಶದ ಶಾಸನವಾಗಿತ್ತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತ್ತು. ನನಗೆ ಇವೆರಡೂ ತಿಳಿದಿದ್ದುವು. ಗುಡಿಗೆ ಬರಲಾರದವರಿಗಾಗಿಯೇ ದೇವರು ಹೊರಡುವನೆಂಬ ಗುರುಗಳ ಮಾತೂ ನೆನಪಿದ್ದಿತು. ಹಾಗಿದ್ದೂ ಹುಡುಗನನ್ನು ಕುಳಿತುಕೊಳ್ಳುವಂತೆ ಹೇಳಿ ಪಾಠವನ್ನು ಮುಂದುವರಿಸಿದೆನು. ಊರ ಹಿರಿಯರ ಸಭೆಯಲ್ಲಿಯೂ ಬಾಯಿ ತೆರೆಯಲಿಲ್ಲ. ಶಾಸ್ತ್ರವನ್ನು ಓದಿದವನ ಮೌನವು ಓದದವನ ಮೌನಕ್ಕಿಂತ ದೊಡ್ಡ ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಮೇಲೆ ಅದೇ ಸಭೆಯಲ್ಲಿ ಮಾತನಾಡಿದವನು ಹೂವಿನ ತೋಟದ ಒಬ್ಬ ತರುಣನು. ಆ ಹುಡುಗನೊಡನೆ ಅದೇ ಮಣೆಯ ಮೇಲೆ ಕುಳಿತು ಓದಿದವನು. “ಪಲ್ಲಕ್ಕಿ ಆ ಕೇರಿಗೆ ತಿರುಗುವುದಿಲ್ಲವಾದರೆ ನನ್ನ ತೋಟದ ಹೂವು ಅದರ ಮೇಲೆ ಏರುವುದಿಲ್ಲ” ಎಂದು ಅವನು ಇಷ್ಟೇ ಹೇಳಿದನು. ಬಡಗಿಯೂ ಅವನ ಮಾತಿಗೆ ತಲೆದೂಗಿದನು. ಹಿರಿಯರು ಬಹಳ ಹೊತ್ತು ವಾದಿಸಿದರು, ಕೊನೆಗೆ ಒಪ್ಪಿದರು. ಆ ರಾತ್ರಿ ಪಲ್ಲಕ್ಕಿಯು ತಿರುವಿನಲ್ಲಿ ನಿಂತು, ಮೆಲ್ಲನೆ ಆ ಕೇರಿಯೊಳಕ್ಕೆ ತಿರುಗಿದುದನ್ನು ನಾನು ಕಣ್ಣಾರೆ ಕಂಡೆನು. ಅಲ್ಲಿಯ ಮುದುಕಿಯರು ಆರತಿಯ ತಟ್ಟೆಗಳನ್ನು ಹಿಡಿದು ಬಾಗಿಲುಗಳಲ್ಲಿ ಕಾದಿದ್ದರು.

ಮೊಮ್ಮಗನಿಗೆ ನಾನು ಹೇಳುವ ಉತ್ತರದ ಸಾರ ಇಲ್ಲಿಯೇ ಇದೆ. ಅಪ್ಪಣೆಯಿಂದ ಕಟ್ಟಿದ ವಾಹನವು ಅಪ್ಪಣೆಯಾದ ಕಡೆಗೆ ಹೋಗುತ್ತದೆ. ಹತ್ತು ಕೈಗಳು ಕೂಡಿ ಕಟ್ಟಿದುದಾದರೆ, ಇದು ಯಾರ ಬೀದಿಗೆ ಹೋಗಬೇಕೆಂದು ಕೇಳುವ ಅಧಿಕಾರವು ಆ ಹತ್ತು ಕೈಗಳಿಗೂ ಇರುತ್ತದೆ. ಈಚೆಗೆ ಕೆಲವೆಡೆ ಸಿದ್ಧಪಡಿಸಿದ ಪಲ್ಲಕ್ಕಿಯನ್ನು ಪಟ್ಟಣದಿಂದ ಬಾಡಿಗೆಗೆ ತರಿಸುವುದುಂಟು. ಕೆಲಸವು ಹಗುರವಾಗುವುದು ನಿಜ. ಹೊರಗಿನ ಕುಶಲಿಗಳಿಗೆ ಜೀವನವಾಗುವುದೂ ನಿಜ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಬಾಡಿಗೆಯ ಪಲ್ಲಕ್ಕಿಗೆ ಹೂವು ಕೊಡೆನೆಂದು ಹೇಳುವ ತರುಣನು ಎಲ್ಲಿರುತ್ತಾನೆ? ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಚಂದಾ ಕೊಟ್ಟು ಜಗಲಿಯಲ್ಲಿ ಕುಳಿತುಬಿಡಬೇಡಿರಿ, ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಮಾರು ಹೂವನ್ನಾದರೂ ಕೈಯಾರೆ ಕಟ್ಟಿರಿ. ಬರುವ ಚೈತ್ರದಲ್ಲಿ ನನ್ನ ಮೊಮ್ಮಗನನ್ನು ಬಿದಿರು ಸೀಳುವವರ ಬಳಿ ಕುಳ್ಳಿರಿಸಬೇಕೆಂದು ನಾನೂ ಸಂಕಲ್ಪ ಮಾಡಿದ್ದೇನೆ.