ಟೂತ್‌ಪೇಸ್ಟಿನಲ್ಲಿ ‘ಒಳ್ಳೆಯ’ ಬ್ಯಾಕ್ಟೀರಿಯಾ: ಬಾಯಿಗೆ ಹೆಪ್ಪು ಹಾಕಬಹುದೇ?

ಬಾಯಿಯ ಕ್ರಿಮಿಗಳನ್ನು ಕೊಲ್ಲುತ್ತದೆ ಎಂಬುದು ದಶಕಗಳಿಂದ ಟೂತ್‌ಪೇಸ್ಟ್ ಜಾಹೀರಾತುಗಳ ಪಲ್ಲವಿ. ಈಗ ಅದಕ್ಕೆ ತದ್ವಿರುದ್ಧವಾದ ಮಾತು ಕೇಳಿಬರುತ್ತಿದೆ. ಎಲ್ಲ ಕ್ರಿಮಿಗಳನ್ನೂ ಕೊಲ್ಲಬೇಡಿ, ಒಳ್ಳೆಯ ಕ್ರಿಮಿಗಳನ್ನು ಪೇಸ್ಟಿನ ಮೂಲಕವೇ ಬಾಯಿಗೆ ಬಿಡಿ ಎನ್ನುತ್ತಾರೆ ‘ಪ್ರೊಬಯಾಟಿಕ್’ ಟೂತ್‌ಪೇಸ್ಟ್ ತಯಾರಕರು. ಇಂಥ ಪೇಸ್ಟನ್ನು ಈಗ ಆನ್‌ಲೈನ್ ಮಳಿಗೆಯಿಂದ ಹಳ್ಳಿಯ ಮನೆಗೂ ತರಿಸಿಕೊಳ್ಳಬಹುದು. ಬೆಲೆ ಮಾತ್ರ ಸಾಮಾನ್ಯ ಪೇಸ್ಟಿಗಿಂತ ಹೆಚ್ಚು. ಕೊಟ್ಟ ಹಣಕ್ಕೆ ಹಲ್ಲು ಉಳಿಯುತ್ತದೆಯೇ? ಅಥವಾ ಇರುವ ರಕ್ಷಣೆಯೂ ತಪ್ಪುತ್ತದೆಯೇ?

ಬಾಯಿಯೇ ಒಂದು ಊರು

ಹಲ್ಲಿನ ಮೇಲಿನ ಬಿಳಿ ಲೋಳೆಯಲ್ಲಿ ಜೀವಿಗಳು ಓಡಾಡುವುದನ್ನು ಮೊದಲು ಕಂಡವನು ಹಾಲೆಂಡಿನ ಆಂಟನಿ ಫಾನ್ ಲೇವೆನ್‌ಹುಕ್. ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಆತ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಮನುಷ್ಯರ ಬಾಯಲ್ಲಿ ವಾಸಿಸಬಲ್ಲ ಬ್ಯಾಕ್ಟೀರಿಯಾ ಜಾತಿಗಳು ಸುಮಾರು 700 ಎಂಬುದು ಇಂದಿನ ಲೆಕ್ಕ.

ಇವೆಲ್ಲ ಶತ್ರುಗಳಲ್ಲ. ಹಲ್ಲು ಹುಳುಕಾಗುವುದರಲ್ಲಿ ದೊಡ್ಡ ಪಾಲು ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂಬುದರದ್ದು. ಇದನ್ನು ಬ್ರಿಟನ್ನಿನ ಕಿಲಿಯನ್ ಕ್ಲಾರ್ಕ್ 1924ರಲ್ಲಿ ಗುರುತಿಸಿದರು. ನಾವು ತಿಂದ ಸಕ್ಕರೆಯನ್ನು ಇದು ಆಮ್ಲವಾಗಿ ಮಾರ್ಪಡಿಸುತ್ತದೆ. ಹಲ್ಲಿನ ಮೇಲಿನ ಆಮ್ಲೀಯತೆಯ ಅಳತೆ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಮತ್ತೆ ಅದನ್ನು ಸರಿಪಡಿಸುತ್ತದೆ. ಆದರೆ ದಿನವಿಡೀ ಬಿಸ್ಕತ್ತು, ಸಿಹಿ ಚಹಾ ಬಾಯಿಗೆ ಬೀಳುತ್ತಲೇ ಇದ್ದರೆ ಜೊಲ್ಲಿಗೆ ಪುರುಸೊತ್ತೇ ಸಿಗದು.

ಇದೇ ಊರಲ್ಲಿ ಸಭ್ಯ ನಿವಾಸಿಗಳೂ ಇದ್ದಾರೆ. ‘ವೇಲೊನೆಲ್ಲ’ ಜಾತಿಯವು ಬೇರೆ ಬ್ಯಾಕ್ಟೀರಿಯಾ ಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಬದುಕುತ್ತವೆ. ನಾಲಿಗೆಯ ಮೇಲಿನ ಕೆಲವು ಬ್ಯಾಕ್ಟೀರಿಯಾ ಹರಿವೆ, ಪಾಲಕ್, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ತಯಾರಾಗಲು ಇದು ದೇಹಕ್ಕೆ ನೆರವಾಗುತ್ತದೆ. ಎಲ್ಲವನ್ನೂ ಕೊಲ್ಲುವ ಬದಲು ಸಮತೋಲ ಕಾಪಾಡಬೇಕು ಎಂಬ ಹೊಸ ವಿಚಾರಕ್ಕೆ ಬುಡವಿಲ್ಲದೇ ಇಲ್ಲ.

ಪ್ರೊಬಯಾಟಿಕ್ ಎಂದರೇನು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟರು. ಅದರ ಸಾರ ಇಷ್ಟು: ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ದೇಹ ಸೇರಬೇಕು, ಅದರಿಂದ ಆರೋಗ್ಯಕ್ಕೆ ಲಾಭವಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಪ್ರೊಬಯಾಟಿಕ್ ಅಲ್ಲ. ಈ ಮೂರು ಮಾತುಗಳನ್ನು ನೆನಪಿಟ್ಟುಕೊಂಡರೆ ಪೇಸ್ಟಿನ ಡಬ್ಬಿಯ ಮೇಲಿನ ಬರಹವನ್ನು ಅಳೆಯುವುದು ಸುಲಭ.

ಡ್ಯುನೆಡಿನ್‌ನ ಸಂಶೋಧನೆ

ಬಾಯಿಯ ಪ್ರೊಬಯಾಟಿಕ್‌ಗಳ ಪೈಕಿ ಹೆಚ್ಚು ಹೆಸರಾದದ್ದು ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ್ದು. ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿ ಜಾನ್ ಟ್ಯಾಗ್ ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ನರಳಿದವರು. ಗಂಟಲಿಗೆ ತಗಲುವ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಬರುವ ಈ ಜ್ವರ ಹೃದಯದ ಕವಾಟಗಳನ್ನೂ ಕೆಡಿಸಬಲ್ಲದು. ಕೆಲವು ಮಕ್ಕಳಿಗೆ ಈ ಸೋಂಕು ತಗಲುವುದೇ ಅಪರೂಪ, ಯಾಕೆ? ಟ್ಯಾಗ್ ಇದರ ಬೆನ್ನುಹತ್ತಿದರು. ಬಾಯಿಯ ಸಹಜ ನಿವಾಸಿಯಾದ ‘ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್’ನ ಕೆಲವು ತಳಿಗಳು, ತಮ್ಮ ಸಮೀಪದ ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುವ ವಸ್ತುಗಳನ್ನು ಸ್ರವಿಸುತ್ತವೆ ಎಂದು ಕಂಡುಬಂತು. ಆರೋಗ್ಯವಂತ ಶಾಲಾಬಾಲಕರೊಬ್ಬರ ಬಾಯಿಂದ ಸಿಕ್ಕ ತಳಿಗೆ ‘ಕೆ12’ ಎಂದು ಹೆಸರಾಯಿತು. 2000ದಲ್ಲಿ ‘ಬ್ಲಿಸ್ ಟೆಕ್ನಾಲಜೀಸ್’ ಎಂಬ ಕಂಪನಿಯೂ ಹುಟ್ಟಿತು.

ಹಲ್ಲಿಗೆಂದೇ ಆರಿಸಿದ ಇನ್ನೊಂದು ತಳಿ ‘ಎಂ18’. ಹುಳುಕು ಹಲ್ಲಿನ 100 ಮಕ್ಕಳಲ್ಲಿ ಕೆಲವರಿಗೆ ಇದರ ಚೀಪುವ ಮಾತ್ರೆಯನ್ನೂ ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಮಾತ್ರೆಯನ್ನೂ 3 ತಿಂಗಳು ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಂ18 ಪಡೆದವರಲ್ಲಿ ಹಲ್ಲಿನ ಲೋಳೆಪದರ ಕಡಿಮೆಯಾಗಿತ್ತು. ತಳಿ ಚೆನ್ನಾಗಿ ನೆಲೆಸಿದ ಮಕ್ಕಳಲ್ಲಿ ಮ್ಯೂಟನ್ಸ್ ಸಂಖ್ಯೆಯೂ ತಗ್ಗಿತ್ತು. ಆದರೆ ಅದು ಎಲ್ಲ ಮಕ್ಕಳ ಬಾಯಲ್ಲೂ ನೆಲೆಸಲಿಲ್ಲ. ಹೊಸ ಹುಳುಕು ತಪ್ಪಿತೇ ಎಂದು ಹೇಳಲು 3 ತಿಂಗಳು ಸಾಲದು.

ಹಾಲು ಕುಡಿದ ಮಕ್ಕಳು

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆದಿತ್ತು. ಶಿಶುವಿಹಾರಗಳ 1ರಿಂದ 6 ವರ್ಷದ 594 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ‘ಲ್ಯಾಕ್ಟೊಬ್ಯಾಸಿಲಸ್ ಜಿಜಿ’ ಸೇರಿಸಿದ ಹಾಲನ್ನು, ಇನ್ನೊಂದಕ್ಕೆ ಬರೀ ಹಾಲನ್ನು ವಾರಕ್ಕೆ 5 ದಿನದಂತೆ 7 ತಿಂಗಳು ಕೊಡಲಾಯಿತು. ಬ್ಯಾಕ್ಟೀರಿಯಾ ಇದ್ದ ಹಾಲು ಕುಡಿದವರಲ್ಲಿ, ಮುಖ್ಯವಾಗಿ 3-4 ವರ್ಷದವರಲ್ಲಿ, ಹುಳುಕು ಕಡಿಮೆ ಎಂದು 2001ರಲ್ಲಿ ವರದಿಯಾಯಿತು.

ವಸಡಿನ ವಿಷಯದಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ‘ಲ್ಯಾಕ್ಟೊಬ್ಯಾಸಿಲಸ್ ರೂಟೆರಿ’ ಮಾತ್ರೆ. ಕೆಲವು ಅಧ್ಯಯನಗಳಲ್ಲಿ ವಸಡಿನ ರಕ್ತಸ್ರಾವ ತಗ್ಗಿತು. ಆದರೂ ಯುರೋಪಿನ ವಸಡು ತಜ್ಞರ ಒಕ್ಕೂಟ 2020ರ ತನ್ನ ಮಾರ್ಗಸೂಚಿಯಲ್ಲಿ, ವಸಡುರೋಗಕ್ಕೆ ಹಲ್ಲು ಶುಚಿಮಾಡುವ ಚಿಕಿತ್ಸೆಯ ಜತೆ ಪ್ರೊಬಯಾಟಿಕ್ ಬಳಸದಿರುವುದೇ ಸೂಕ್ತ ಎಂದಿತು. ಇರುವ ಪುರಾವೆ ತಜ್ಞರಿಗೆ ಸಾಕೆನಿಸಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇವೆಲ್ಲ ಮಾತ್ರೆಯ, ಹಾಲಿನ ಪ್ರಯೋಗಗಳು. ಪೇಸ್ಟಿನವಲ್ಲ!

ಪೇಸ್ಟಿನಲ್ಲಿ ಬದುಕುವುದು ಕಷ್ಟ

ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು ಎಂಬುದು ಯಾವ ಗೃಹಿಣಿಗೂ ಗೊತ್ತು. ಹೆಪ್ಪಿನ ಬ್ಯಾಕ್ಟೀರಿಯಾ ಬಿಸಿಗೆ ಸತ್ತಿರುತ್ತವೆ. ಟೂತ್‌ಪೇಸ್ಟೂ ಬ್ಯಾಕ್ಟೀರಿಯಾಗಳ ಪಾಲಿಗೆ ಅಂಥದ್ದೇ ಜಾಗ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಪೇಸ್ಟ್ ಕೆಡದಂತೆ ಕಾಪಾಡುವ ರಾಸಾಯನಿಕಗಳು, ಖಾರದ ಸುಗಂಧ ತೈಲಗಳು ಒಳ್ಳೆಯದು ಕೆಟ್ಟದ್ದು ಎಂದು ಭೇದ ಮಾಡುವುದಿಲ್ಲ. ಪೇಸ್ಟಿನ ತೇವವೂ ಒಣಗಿಸಿಟ್ಟ ಬ್ಯಾಕ್ಟೀರಿಯಾವನ್ನು ಕೆಡಿಸುತ್ತದೆ.

ತಯಾರಕರು ಇದಕ್ಕೆ ಮೂರು ದಾರಿ ಹುಡುಕಿದ್ದಾರೆ. ಮೊದಲನೆಯದು, ಗಟ್ಟಿ ಕವಚದೊಳಗೆ ನಿದ್ರಿಸುವ ‘ಬ್ಯಾಸಿಲಸ್’ ಬೀಜಕಗಳನ್ನು ಬಳಸುವುದು. ಇವು ಪೇಸ್ಟಿನಲ್ಲಿ ಬಾಳಿಕೆ ಬರುತ್ತವೆ, ಆದರೆ ಬಾಯಲ್ಲಿ ಎಚ್ಚರಗೊಂಡು ಕೆಲಸ ಮಾಡಬೇಕಲ್ಲ! ಎರಡನೆಯದು, ಬಿಸಿಮಾಡಿ ಕೊಂದ ಬ್ಯಾಕ್ಟೀರಿಯಾ ಸೇರಿಸುವುದು. ಇದರಿಂದ ಒಂದಿಷ್ಟು ಉಪಯೋಗ ಆದೀತು, ಆದರೆ ವ್ಯಾಖ್ಯೆಯ ಪ್ರಕಾರ ಅದು ಪ್ರೊಬಯಾಟಿಕ್ ಅಲ್ಲ, ‘ಪೋಸ್ಟ್‌ಬಯಾಟಿಕ್’. ಮೂರನೆಯದು, ಬ್ಯಾಕ್ಟೀರಿಯಾ ಹಾಕದೆ, ಜೊಲ್ಲಿನಲ್ಲಿ ಸಹಜವಾಗಿರುವಂಥ ಕಿಣ್ವ ಮತ್ತು ಪ್ರೋಟೀನುಗಳನ್ನು ಹಾಕುವುದು. ಇಂಥ ಪೇಸ್ಟನ್ನು 14 ವಾರ ಬಳಸಿದವರಲ್ಲಿ ಆರೋಗ್ಯಕ್ಕೆ ಹೊಂದುವ ಜಾತಿಗಳು ಹೆಚ್ಚಿ, ವಸಡುರೋಗದ ಜಾತಿಗಳು ಕುಗ್ಗಿದವೆಂದು 2017ರ ಅಧ್ಯಯನವೊಂದು ತೋರಿಸಿದೆ. ಹೊಸಬರನ್ನು ಕರೆತರದೆ, ಇದ್ದವರಲ್ಲೇ ಒಳ್ಳೆಯವರಿಗೆ ಅನುಕೂಲ ಮಾಡಿಕೊಡುವ ಉಪಾಯವಿದು.

ನೆಂಟರೇ ಹೊರತು ನಿವಾಸಿಗಳಲ್ಲ

ಪೇಸ್ಟಿನಲ್ಲಿ ಬ್ಯಾಕ್ಟೀರಿಯಾ ಬದುಕಿದ್ದೇ ಆದರೂ ಅದಕ್ಕೆ ಸಿಗುವ ಸಮಯ ಎರಡೇ ನಿಮಿಷ. ಆಮೇಲೆ ಉಗುಳುತ್ತೇವೆ. ಚೀಪುವ ಮಾತ್ರೆ ಬಾಯಲ್ಲಿ ನಿಧಾನವಾಗಿ ಕರಗುವುದರಿಂದ ಅದಕ್ಕೆ ಹೆಚ್ಚು ಅವಕಾಶ.

ಕಾಸಿ ಆರಿಸಿದ ಹಾಲಿನಲ್ಲಿ ಬೇರೆ ಜೀವಿಗಳ ಪೈಪೋಟಿ ಇಲ್ಲದ್ದರಿಂದ ಹೆಪ್ಪು ಇಡೀ ಪಾತ್ರೆಯನ್ನು ಆಕ್ರಮಿಸುತ್ತದೆ. ಬಾಯಿ ಹಾಗಲ್ಲ. ಅಲ್ಲಿ ಬಾಲ್ಯದಿಂದ ನೆಲೆಯೂರಿದವರು ಜಾಗ ಬಿಟ್ಟುಕೊಡುವುದಿಲ್ಲ. ಹೀಗಾಗಿ ಹೊರಗಿನಿಂದ ಕೊಟ್ಟ ಬ್ಯಾಕ್ಟೀರಿಯಾ, ಬಳಕೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಹುಪಾಲು ಜನರ ಬಾಯಿಂದ ಮಾಯವಾಗುತ್ತವೆ. ಒಂದು ಟ್ಯೂಬ್ ಬಳಸಿ ಬಾಯಿಯನ್ನು ಶಾಶ್ವತವಾಗಿ ಬದಲಿಸಬಹುದು ಎಂಬುದು ಸುಳ್ಳು ಭರವಸೆ.

ಹಾಗಾದರೆ ಮನೆಯ ಮೊಸರನ್ನೇ ಹಲ್ಲಿಗೆ ತಿಕ್ಕಬಹುದೇ? ಬೇಡ. ಮೊಸರು ಊಟಕ್ಕೆ ಒಳ್ಳೆಯದು. ಆದರೆ ಅದರ ಬ್ಯಾಕ್ಟೀರಿಯಾ ಬಾಯಿಗೆಂದು ಆರಿಸಿದವಲ್ಲ, ಹಾಲನ್ನು ಹುಳಿ ಮಾಡುವುದೇ ಅವುಗಳ ಕೆಲಸ. ಆಳವಾದ ಹುಳುಕಿನೊಳಗೆ ಲ್ಯಾಕ್ಟೊಬ್ಯಾಸಿಲಸ್‌ಗಳೂ ಸಿಗುತ್ತವೆ ಎಂಬುದನ್ನು ಮರೆಯಬಾರದು.

ಫ್ಲೋರೈಡ್ ಕೈಬಿಟ್ಟರೆ ನಷ್ಟ

ಪ್ರೊಬಯಾಟಿಕ್ ಹೆಸರಿನ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ಅಪಾಯ ಇರುವುದು ಇಲ್ಲೇ. ಫ್ಲೋರೈಡ್ ಪೇಸ್ಟ್ ಮಕ್ಕಳ ಶಾಶ್ವತ ಹಲ್ಲುಗಳ ಹುಳುಕನ್ನು ಸರಾಸರಿ ಶೇ. 24ರಷ್ಟು ತಡೆಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ 2003ರಲ್ಲಿ ಹೇಳಿತು. ಯಾವ ಪ್ರೊಬಯಾಟಿಕ್ ಪೇಸ್ಟಿಗೂ ಇಂಥ ಪುರಾವೆ ಇಲ್ಲ. ಸಿಹಿ ತಿನ್ನುವ ಮಗುವಿಗೆ ಫ್ಲೋರೈಡ್ ತಪ್ಪಿಸಿ ದುಬಾರಿ ಪೇಸ್ಟ್ ಕೊಟ್ಟರೆ ಹಣವೂ ಹೋಯಿತು, ಹಲ್ಲೂ ಹೋಯಿತು.

ಮಡಕಶಿರಾ, ರಾಯದುರ್ಗ ಸೀಮೆಯಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಇಂಥ ಊರಿನವರು ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಎಂಬುದನ್ನು ದಂತವೈದ್ಯರನ್ನೇ ಕೇಳಬೇಕು. ಉಳಿದೆಡೆ 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದಂತೆ ನೋಡಿಕೊಳ್ಳಬೇಕು.

ಕೊಳ್ಳುವ ಮುನ್ನ ಗಮನಿಸಿ

* ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಮತ್ತು ತಳಿಯ ಗುರುತು (ಕೆ12, ಎಂ18 ಇತ್ಯಾದಿ) ಇದೆಯೇ? ಒಂದು ತಳಿಯ ಗುಣ ಇನ್ನೊಂದಕ್ಕಿಲ್ಲ.
* ಜೀವಂತವೋ, ಬೀಜಕವೋ, ಸತ್ತದ್ದೋ? ಅವಧಿ ಮುಗಿಯುವ ದಿನದವರೆಗೆ ಎಷ್ಟು ಉಳಿದಿರುತ್ತವೆ ಎಂದು ಬರೆದಿದೆಯೇ?
* ಎಷ್ಟು ತಂಪಿನಲ್ಲಿ ಇಡಬೇಕು? ಆದೋನಿ, ಸೊಲ್ಲಾಪುರದ ಬೇಸಿಗೆಯಲ್ಲಿ ತಗಡಿನ ಚಾವಣಿಯಡಿ ಇಟ್ಟ ಟ್ಯೂಬಿನಲ್ಲಿ ಜೀವ ಉಳಿಯುವುದು ಅನುಮಾನ.
* ಫ್ಲೋರೈಡ್ ಇದೆಯೇ? ಭಾರತದ ನಿಯಮದಂತೆ ಅದು 1000 ಪಿಪಿಎಂ ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಬೇಕು.
* ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಜೀವಂತ ಬ್ಯಾಕ್ಟೀರಿಯಾ ಬಳಸಬಾರದು.

ಇಷ್ಟಾಗಿಯೂ ಕೊಳ್ಳುವ ಮನಸ್ಸಿದ್ದರೆ ಫ್ಲೋರೈಡ್ ಪೇಸ್ಟಿನ ಜತೆಗೆ, ಬೇರೆ ಹೊತ್ತಿನಲ್ಲಿ, ಮಾತ್ರೆಯ ರೂಪದಲ್ಲಿ ಬಳಸುವುದು ಮೇಲು. ಹೊಗೆಸೊಪ್ಪಿನ ಎಲೆಯಡಿಕೆ, ಮಹಾರಾಷ್ಟ್ರದ ಕಡೆ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿ ಇವು ಮಾಡುವ ಹಾನಿಯನ್ನಂತೂ ಯಾವ ಬ್ಯಾಕ್ಟೀರಿಯಾವೂ ತುಂಬಿಕೊಡಲಾರದು.

ಒಳ್ಳೆಯ ಬ್ಯಾಕ್ಟೀರಿಯಾ ಬಹುಪಾಲು ಎಲ್ಲರ ಬಾಯಲ್ಲೂ ಈಗಾಗಲೇ ಇವೆ. ಸಿಹಿಯನ್ನು ಊಟದ ಹೊತ್ತಿಗೆ ಸೀಮಿತಗೊಳಿಸಿ, ದಿನಕ್ಕೆರಡು ಸಲ, ತಪ್ಪದೆ ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿ, ಪೇಸ್ಟನ್ನು ಉಗುಳಿದ ಮೇಲೆ ನೀರು ಮುಕ್ಕಳಿಸದೆ ಬಿಟ್ಟರೆ ಅವು ತಾವಾಗಿಯೇ ಬಲಗೊಳ್ಳುತ್ತವೆ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.