ಗಣಿಗಿಳಿದ ತರುಣರು: ಯುದ್ಧಕಾಲದ ಒಂದು ವೃತ್ತಿಶಿಕ್ಷಣ

ದುಡಿಮೆಯ ಘನತೆಯನ್ನು ಕುರಿತು ಧರ್ಮಸಭೆಯು 1891ರ 'ರೇರುಂ ನೊವಾರುಂ' ವಿಶ್ವಪತ್ರದಿಂದ ಮೊದಲ್ಗೊಂಡು ಎಡೆಬಿಡದೆ ಬೋಧಿಸುತ್ತ ಬಂದಿದೆ. ಆ ಬೋಧನೆಯ ಬೆಳಕಿನಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಕರಣವನ್ನು ನಮ್ಮ ಧರ್ಮಕೇಂದ್ರದ ಯುವಜನರ ಮುಂದಿಡಲು ಬಯಸುತ್ತೇವೆ.

1943ರ ಮಧ್ಯಭಾಗದ ವೇಳೆಗೆ ಅಲ್ಲಿನ ಕಲ್ಲಿದ್ದಲ ಗಣಿಗಳು ಸುಮಾರು 36,000 ಕೆಲಸಗಾರರನ್ನು ಸೈನ್ಯಕ್ಕೂ ಇತರ ಉದ್ಯೋಗಗಳಿಗೂ ಕಳೆದುಕೊಂಡಿದ್ದವು. ಇದ್ದಲಿಲ್ಲದೆ ರೈಲು ಓಡದು, ಉಕ್ಕು ಕರಗದು. ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ನರು ಚೀಟಿ ಎತ್ತುವ ಕ್ರಮವನ್ನು ಜಾರಿಗೆ ತಂದರು. ಸೈನ್ಯಕ್ಕೆ ಕರೆಬಂದ 18ರಿಂದ 25 ವರ್ಷದ ತರುಣರಲ್ಲಿ ಯಾರ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಚೀಟಿಯೊಡನೆ ಹೊಂದುವುದೋ ಅವರು ರಣರಂಗಕ್ಕೆ ಬದಲಾಗಿ ಗಣಿಗೆ ಹೋಗತಕ್ಕದ್ದು. ಮೊದಲ ಚೀಟಿಯನ್ನು ಎತ್ತಿದ್ದು 1943ರ ಡಿಸೆಂಬರ್ 14ರಂದು. ಸಿರಿವಂತನ ಮಗನೆಂದು ವಿನಾಯಿತಿ ಇರಲಿಲ್ಲ. ಇದು ಮೆಚ್ಚತಕ್ಕ ಮಾತೇ ಸರಿ. ಆದರೆ ಒಲ್ಲೆನೆಂದವನಿಗೆ ಸೆರೆಮನೆ ಕಾದಿತ್ತು.

ವೇಲ್ಸಿನ ಓಕ್‌ಡೇಲ್ ಮೊದಲಾದ ಕೇಂದ್ರಗಳಲ್ಲಿ ನಾಲ್ಕು ವಾರಗಳ ತರಬೇತಿ. ತರಗತಿಯ ಪಾಠ, ಅಂಗಸಾಧನೆ, ಅಪಾಯದಿಂದ ಪಾರಾಗುವ ಬಗೆ, ಕತ್ತಲೆಯ ಸುರಂಗದ ಅಭ್ಯಾಸ. ಬಳಿಕ ನಿಯಮಿತ ಗಣಿಯಲ್ಲಿ ಇನ್ನೆರಡು ವಾರ. ನಜರೇತಿನ ಬಡಗಿಮನೆಯಲ್ಲಿ ಪ್ರಭು ಯೇಸುಕ್ರಿಸ್ತರೇ ವರ್ಷಗಟ್ಟಲೆ ಕೈಗೆಲಸದಲ್ಲಿ ಪಳಗಿರುವಾಗ, ಪುಸ್ತಕವನ್ನೋ ಅಂಗಡಿಯ ತಕ್ಕಡಿಯನ್ನೋ ಹಿಡಿದಿದ್ದ ಕೈಗಳಿಗೆ ಈ ಆರು ವಾರ ಎಷ್ಟರದು? ಆದುದರಿಂದಲೇ ಬಹುಮಂದಿಗೆ ಇದ್ದಲು ಕಡಿಯುವ ಕೆಲಸ ದೊರೆಯಲಿಲ್ಲ; ಬಂಡಿಗಳನ್ನು ಸಾಗಿಸುವುದು, ಗಣಿಯೊಳಗಿನ ಕುದುರೆಗಳನ್ನು ನಡೆಸುವುದು ಅವರ ಪಾಲಿಗೆ ಬಂತು.

ಕೊಟ್ಟದ್ದು ಶಿರಸ್ತ್ರಾಣ ಮತ್ತು ಗಟ್ಟಿ ಬೂಟು, ಸಮವಸ್ತ್ರವಿಲ್ಲ. ಬೀದಿಯಲ್ಲಿ ಕಂಡವರು ಇವರನ್ನು ಹೇಡಿಗಳೆಂದು ಜರೆದರು, ಪೊಲೀಸರು ತಡೆದು ವಿಚಾರಿಸಿದರು. ಸ್ವೇಚ್ಛೆಯಿಂದ ಬಂದವರೂ ಸೇರಿ ಸುಮಾರು 48,000 ಮಂದಿ ಹೀಗೆ ದುಡಿದರು. ಯುದ್ಧ ಮುಗಿದರೂ ಕೊನೆಯವರಿಗೆ ಬಿಡುಗಡೆಯಾದದ್ದು 1948ರಲ್ಲಿ. ಪದಕವಿಲ್ಲ; ಹಳೆಯ ಉದ್ಯೋಗಕ್ಕೆ ಮರಳುವ ಹಕ್ಕು ಸೈನಿಕರಿಗೆ ಇದ್ದಂತೆ ಇವರಿಗೆ ಇರಲಿಲ್ಲ.

ಇದೇ ಬೆವಿನ್ನರ ಹೆಸರಿನ ಇನ್ನೊಂದು ಯೋಜನೆಯಂತೆ 1941ರಿಂದ ಭಾರತದ ಯುವ ಕಾರ್ಮಿಕರು ಇಂಗ್ಲೆಂಡಿಗೆ ಹೋಗಿ ಯಂತ್ರವಿದ್ಯೆ ಕಲಿತು ಬಂದುದನ್ನೂ ಇಲ್ಲಿ ಸ್ಮರಿಸಬೇಕು. ಅವರನ್ನೂ ಜನ 'ಬೆವಿನ್ ಹುಡುಗರು' ಎಂದೇ ಕರೆದರು. ನೆಲದಡಿಯ ದುಡಿಮೆಯೆಂದರೆ ಏನೆಂಬುದನ್ನು 2001ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿಗಳ ಕುಟುಂಬಗಳಿಗೆ ನಾವು ಹೇಳಬೇಕಾಗಿಲ್ಲ.

ಬ್ರಿಟಿಷ್ ಸರ್ಕಾರವು ಗಣಿಯ ತರುಣರಿಗೆ ಗೌರವದ ಬಿಲ್ಲೆಯನ್ನು ಕೊಟ್ಟದ್ದು 2008ರಲ್ಲಿ. ಆ ವೇಳೆಗೆ ಬಹುಮಂದಿ ತೀರಿಹೋಗಿದ್ದರು. 2013ರಲ್ಲಿ ಸ್ಟಾಫರ್ಡ್‌ಶೈರಿನ ರಾಷ್ಟ್ರೀಯ ಸ್ಮಾರಕವನದಲ್ಲಿ ಅವರ ನೆನಪಿಗೆ ಕಲ್ಲುಗಳನ್ನು ನಿಲ್ಲಿಸಿದರು. ಐರ್ಲೆಂಡಿನಿಂದ ತಂದ ಬೂದುಬಣ್ಣದ ಕಲ್ಲು ಅದು; ಕಾಲ ಕಳೆದಂತೆ ಇದ್ದಲಿನ ಹಾಗೆ ಕಪ್ಪಾಗುವುದೆಂದೇ ಆರಿಸಿದ್ದು.